ನೋಡಿ ಕಲಿಯುವವಳು ಎಂಬ ಹಣೆಪಟ್ಟಿ: ವೆಬ್ ವಿನ್ಯಾಸ ಕಲಿತ ಒಬ್ಬ ವಿದ್ಯಾರ್ಥಿನಿಯ ಪ್ರಕರಣ

ಈ ಪ್ರಕರಣದ ವಿದ್ಯಾರ್ಥಿನಿ ಬಿಸಿಎ ಕೊನೆಯ ವರ್ಷದಲ್ಲಿದ್ದಳು. ಉತ್ತರ ಕರ್ನಾಟಕದ ಒಂದು ಹಳ್ಳಿಯವಳು. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪಿಯುಸಿಯಲ್ಲಿ ವಾಣಿಜ್ಯ ವಿಭಾಗ ತೆಗೆದುಕೊಂಡಿದ್ದಳು. ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿ ನಾನು ಅತಿಥಿ ಉಪನ್ಯಾಸಕಿಯಾಗಿ ವೆಬ್ ವಿನ್ಯಾಸದ ಲ್ಯಾಬ್ ನೋಡಿಕೊಳ್ಳುತ್ತಿದ್ದೆ. ತನ್ನೂರಿನ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಜಾಲತಾಣ ಮಾಡಿಕೊಡುವುದು ಅವಳು ಆರಿಸಿಕೊಂಡ ಪ್ರಾಜೆಕ್ಟ್. ಗ್ರಂಥಾಲಯ ತೆರೆದಿರುವ ವೇಳೆ, ಪುಸ್ತಕಗಳ ಪಟ್ಟಿ, ಮಕ್ಕಳ ಕಾರ್ಯಕ್ರಮಗಳ ಮಾಹಿತಿ ಮತ್ತು ಪುಸ್ತಕ ಹುಡುಕುವ ಸೌಲಭ್ಯ ಅದರಲ್ಲಿ ಇರಬೇಕಿತ್ತು. ಪ್ರಾಜೆಕ್ಟಿನ ಜೊತೆಗೆ ಪ್ರತಿಯೊಬ್ಬರೂ ಕಲಿಕೆಯ ದಿನಚರಿ ಬರೆಯಬೇಕೆಂಬ ನಿಯಮವಿತ್ತು. ಬಹಳ ಮಂದಿ ಅದನ್ನು ಹಾಜರಿ ಪುಸ್ತಕದಂತೆ ತುಂಬಿಸಿದರು. ಇವಳು ಹಾಗೆ ಮಾಡಲಿಲ್ಲ. ಏನು ತಿಳಿಯಿತು, ಏನು ತಿಳಿಯಲಿಲ್ಲ, ಯಾಕೆ ತಿಳಿಯಲಿಲ್ಲ ಎಂದು ಕನ್ನಡದಲ್ಲಿ ವಿವರವಾಗಿ ಬರೆದಳು. ಅವಳ ಒಪ್ಪಿಗೆ ಪಡೆದು ಆ ದಿನಚರಿಯನ್ನು ಇಲ್ಲಿ ಬಳಸುತ್ತಿದ್ದೇನೆ.

ದಿನಚರಿಯ ಮೊದಲ ವಾಕ್ಯವೇ ತಾನು ನೋಡಿ ಕಲಿಯುವವಳು ಎಂದಿತ್ತು. ಊರು, ಓದು, ಪ್ರಾಜೆಕ್ಟು ಎಲ್ಲವೂ ಅದರ ನಂತರ ಬಂದಿದ್ದವು. ಆ ಮಾತು ಎಲ್ಲಿಂದ ಬಂತು, ಅವಳ ಕಲಿಕೆಗೆ ಏನು ಮಾಡಿತು, ಕೊನೆಗೆ ಎಲ್ಲಿಗೆ ಹೋಯಿತು ಎಂಬುದೇ ಈ ಪ್ರಕರಣ.

ಹಣೆಪಟ್ಟಿ ಬಂದ ದಾರಿ

ಹಿಂದಿನ ವರ್ಷ ನಡೆದ ವ್ಯಕ್ತಿತ್ವ ವಿಕಸನ ಕಾರ್ಯಾಗಾರವೊಂದರಲ್ಲಿ ವಿದ್ಯಾರ್ಥಿಗಳಿಂದ ಒಂದು ಪ್ರಶ್ನಾವಳಿ ತುಂಬಿಸಿದ್ದರು. ಅಂಕ ಕೂಡಿ, ಇವರು ನೋಡಿ ಕಲಿಯುವವರು, ಇವರು ಕೇಳಿ ಕಲಿಯುವವರು, ಇವರು ಓದಿ ಬರೆದು ಕಲಿಯುವವರು, ಇವರು ಮಾಡಿ ಕಲಿಯುವವರು ಎಂದು ವಿಂಗಡಿಸಿದ್ದರು. ನ್ಯೂಜಿಲೆಂಡಿನ ನೀಲ್ ಫ್ಲೆಮಿಂಗ್ ರೂಪಿಸಿದ, ವಾರ್ಕ್ ಎಂದು ಹೆಸರಾದ ಮಾದರಿ ಇದು. ನಮ್ಮ ಬಿಎಡ್ ತರಗತಿಗಳಲ್ಲಿ ಓದಿದವರಿಗೆ ಇದು ಹೊಸದಲ್ಲ. ಹೋವರ್ಡ್ ಗಾರ್ಡನರ್ 1983ರಲ್ಲಿ ಮಂಡಿಸಿದ ಬಹುಮುಖ ಬುದ್ಧಿಶಕ್ತಿಯ ಸಿದ್ಧಾಂತದೊಂದಿಗೆ ಇದನ್ನು ಬೆರೆಸಿ ಪಾಠ ಮಾಡುವುದೂ ಉಂಟು, ಎರಡೂ ಬೇರೆ ಎಂದು ಗಾರ್ಡನರ್ ಅವರೇ ಸ್ಪಷ್ಟಪಡಿಸಿದ್ದರೂ.

ಫ್ಲೆಮಿಂಗ್ ಬಗ್ಗೆ ಒಂದು ಮಾತು ನ್ಯಾಯವಾಗಿ ಹೇಳಬೇಕು. ಅವರು ಕಾಲೀನ್ ಮಿಲ್ಸ್ ಜೊತೆ 1992ರಲ್ಲಿ ಬರೆದ ಲೇಖನ ಈ ಪ್ರಶ್ನಾವಳಿಯನ್ನು ವಿದ್ಯಾರ್ಥಿ ತನ್ನ ಕಲಿಕೆಯ ಬಗ್ಗೆ ತಾನೇ ಯೋಚಿಸಲು ತೊಡಗುವ ನೆಪವಾಗಿ ಮುಂದಿಟ್ಟಿತ್ತು. ಇನ್ನೊಂದು ವಿಷಯವನ್ನು ಕಾರ್ಯಾಗಾರದಲ್ಲಿ ಯಾರೂ ಹೇಳಿರಲಿಲ್ಲ: ಆ ಮಾದರಿಯಲ್ಲಿ ದೃಶ್ಯ ಎಂದರೆ ನಕ್ಷೆ, ರೇಖಾಚಿತ್ರ, ಬಾಣದ ಗುರುತುಗಳ ವಿವರಣೆ ಇತ್ಯಾದಿ. ವಿಡಿಯೊ ಅದರಲ್ಲಿ ಸೇರುವುದಿಲ್ಲ. ನಮ್ಮ ವಿದ್ಯಾರ್ಥಿನಿಗಾದರೋ ನೋಡಿ ಕಲಿಯುವುದು ಎಂದರೆ ವಿಡಿಯೊ ನೋಡಿ ಕಲಿಯುವುದು. ಆ ಅರ್ಥವನ್ನು ಅವಳು ಶ್ರದ್ಧೆಯಿಂದ ಪಾಲಿಸಿದಳು. ಲ್ಯಾಬಿನಲ್ಲಿ ನಾನು ಬೋರ್ಡಿನ ಮೇಲೆ ಬರೆಯುವಾಗ ಸುಮ್ಮನೆ ಕುಳಿತು, ಹಾಸ್ಟೆಲಿಗೆ ಹೋಗಿ ಅದೇ ವಿಷಯದ ವಿಡಿಯೊ ಹುಡುಕುತ್ತಿದ್ದಳು. ಓದುವ ಹಾಳೆ ಕೊಟ್ಟರೆ ಪಕ್ಕದವಳಿಗೆ ದಾಟಿಸುತ್ತಿದ್ದಳು. ಅದು ತನ್ನ ಶೈಲಿಯಲ್ಲ ಎಂದು ದಿನಚರಿಯಲ್ಲಿ ಬರೆದಿದ್ದಳು.

ಪುಟ ಕುಸಿದದ್ದು

ಮೊದಲ ವಾರಗಳಲ್ಲಿ ಅವಳ ಕೆಲಸ ತರಗತಿಯಲ್ಲೇ ಚೆನ್ನಾಗಿ ಕಾಣುತ್ತಿತ್ತು. ವಿಡಿಯೊದಲ್ಲಿದ್ದ ಪುಟ ಅವಳ ಪರದೆಯ ಮೇಲೂ ಹಾಗೆಯೇ ಮೂಡುತ್ತಿತ್ತು. ತೊಂದರೆ ಶುರುವಾದದ್ದು ಗ್ರಂಥಾಲಯದ ಪುಟವನ್ನು ಖಾಲಿ ಕಡತದಿಂದ ಕಟ್ಟಲು ಹೊರಟಾಗ. 960 ಪಿಕ್ಸೆಲ್ (ಪರದೆಯ ಚುಕ್ಕೆಗಳ ಅಳತೆ) ಅಗಲದ ಜಾಗದಲ್ಲಿ ತಲಾ 300 ಪಿಕ್ಸೆಲಿನ ಮೂರು ಪೆಟ್ಟಿಗೆಗಳನ್ನು ಒಂದೇ ಸಾಲಿನಲ್ಲಿ ಇಡಬೇಕಿತ್ತು. ಮೂರು ಮುನ್ನೂರು ಒಂಬೈನೂರು, ಇನ್ನೂ 60 ಪಿಕ್ಸೆಲ್ ಉಳಿಯಬೇಕು. ಆದರೆ ಮೂರನೆಯ ಪೆಟ್ಟಿಗೆ ಪ್ರತಿ ಸಲವೂ ಕೆಳಗಿನ ಸಾಲಿಗೆ ಬೀಳುತ್ತಿತ್ತು. ಅವಳು ವಿಡಿಯೊವನ್ನು ಮತ್ತೆ ನೋಡಿದಳು. ಬೇರೆ ವಿಡಿಯೊ ನೋಡಿದಳು. ಒಂದರಲ್ಲಿ ಫ್ಲೋಟ್ ಎಂಬ ವಿಧಾನ ಬಳಸಿ ಪೆಟ್ಟಿಗೆ ಜೋಡಿಸಿದ್ದರು, ಇನ್ನೊಂದರಲ್ಲಿ ಫ್ಲೆಕ್ಸ್‌ಬಾಕ್ಸ್, ಮತ್ತೊಂದರಲ್ಲಿ ಗ್ರಿಡ್. ಪುಟದ ಅಂದ, ಅಳತೆ, ಜೋಡಣೆ ಹೇಳುವ ಭಾಷೆಯಾದ ಸಿಎಸ್‌ಎಸ್‌ನ ಈ ಗ್ರಿಡ್ ಪ್ರಮುಖ ಬ್ರೌಸರ್‌ಗಳಿಗೆ ಬಂದದ್ದು 2017ರಲ್ಲಿ. ಅದಕ್ಕಿಂತ ಹಳೆಯ ಪಾಠಗಳಲ್ಲಿ ಅದು ಸಿಗುವುದಿಲ್ಲ. ಯಾವ ಕಾಲದ ಪಾಠ ಎಂದು ನೋಡದೆ ಮೂರನ್ನೂ ಒಂದೇ ಕಡತದಲ್ಲಿ ಬೆರೆಸಿದಾಗ ಪುಟ ಇನ್ನಷ್ಟು ಕುಸಿಯಿತು.

ಕಾರಣ ಬಹಳ ಚಿಕ್ಕದು. ಸಿಎಸ್‌ಎಸ್‌ನಲ್ಲಿ ಅಗಲ ಎಂದು ಬರೆದ ಸಂಖ್ಯೆ, ಬೇರೆ ಏನೂ ಹೇಳದಿದ್ದರೆ, ಒಳಗಿನ ಪಠ್ಯದ ಜಾಗಕ್ಕೆ ಮಾತ್ರ ಸಲ್ಲುತ್ತದೆ. ಪಠ್ಯದ ಸುತ್ತ ಬಿಡುವ ಖಾಲಿ ಜಾಗವಾದ ಪ್ಯಾಡಿಂಗ್ ಮತ್ತು ಅಂಚು ಅದರ ಮೇಲೆ ಸೇರುತ್ತವೆ. ಎರಡೂ ಬದಿಗೆ 20 ಪಿಕ್ಸೆಲ್ ಪ್ಯಾಡಿಂಗ್, 1 ಪಿಕ್ಸೆಲ್ ಅಂಚು ಸೇರಿದರೆ 300 ಎಂಬುದು 342 ಆಗುತ್ತದೆ. ಮೂರು ಪೆಟ್ಟಿಗೆಗೆ 1026. ಅದು 960ರಲ್ಲಿ ಹಿಡಿಸುವುದು ಹೇಗೆ? ಅವಳು ಅನುಸರಿಸಿದ ವಿಡಿಯೊದಲ್ಲಿ ಪಾಠ ಹೇಳುವವರು ಮೊದಲ ನಿಮಿಷದಲ್ಲೇ ಬಾಕ್ಸ್-ಸೈಜಿಂಗ್ ಎಂಬ ಗುಣವನ್ನು ಬಾರ್ಡರ್-ಬಾಕ್ಸ್ ಎಂದು ಬದಲಿಸಿ, ಪ್ಯಾಡಿಂಗ್ ಮತ್ತು ಅಂಚನ್ನೂ ಅಗಲದೊಳಗೇ ಎಣಿಸುವಂತೆ ಮಾಡುವ ಒಂದು ಸಾಲು ಬರೆದು ಮುಂದೆ ಹೋಗಿದ್ದರು. ಆ ಸಾಲು ಇದ್ದ ಕಡತದಲ್ಲಿ ಎಲ್ಲವೂ ಸರಿ. ಖಾಲಿ ಕಡತದಲ್ಲಿ ಆ ಸಾಲು ಇರಲಿಲ್ಲ.

ನಾನು ಅವಳ ಪಕ್ಕ ಕುಳಿತು, ಆ ವಿಡಿಯೊ ಹಾಕಿಸಿ, ಆ ಸಾಲಿನ ಬಳಿ ನಿಲ್ಲಿಸಲು ಹೇಳಿದೆ.

“ಇಲ್ಲಿ ಅವರು ಏನು ಹೇಳಿದರಮ್ಮಾ?”

“ಹೇಳಿದ್ದು ಗೊತ್ತಾಗಲಿಲ್ಲ ಮೇಡಂ. ಅವರ ಇಂಗ್ಲಿಷ್ ತುಂಬ ವೇಗ. ನಾನು ಧ್ವನಿ ಕಡಿಮೆ ಮಾಡಿ, ಏನು ಟೈಪ್ ಮಾಡುತ್ತಾರೆ ಎಂದಷ್ಟೇ ನೋಡುತ್ತೇನೆ.”

ಈ ಪ್ರಕರಣ ಪೂರ್ತಿ ಇರುವುದು ಆ ಉತ್ತರದಲ್ಲಿ. ಅವಳಿಗೆ ಕೇಳಿ ಕಲಿಯಲು ಬರುವುದಿಲ್ಲ ಎಂದಲ್ಲ. ಓದಿ ಕಲಿಯಲು ಬರುವುದಿಲ್ಲ ಎಂದೂ ಅಲ್ಲ. ಕೇಳುವುದೂ ಓದುವುದೂ ಇಂಗ್ಲಿಷಿನಲ್ಲಿದ್ದವು. ನೋಡುವುದಕ್ಕೆ ಮಾತ್ರ ಭಾಷೆ ಬೇಕಿರಲಿಲ್ಲ. ಕಾರ್ಯಾಗಾರದ ಪ್ರಶ್ನಾವಳಿಯೂ ಇಂಗ್ಲಿಷಿನಲ್ಲೇ ಇತ್ತು. ಓದುವಿರಾ ಎಂದಾಗಲೆಲ್ಲ ಅವಳ ಮನಸ್ಸಿಗೆ ಬಂದದ್ದು ಪದವಿಯ ದಪ್ಪ ಇಂಗ್ಲಿಷ್ ಪಠ್ಯಪುಸ್ತಕ. ಹೀಗೆ ಭಾಷೆಯ ತೊಡಕೊಂದು ಅವಳ ಸ್ವಭಾವ ಎಂಬ ಹೆಸರು ಪಡೆದು ದಿನಚರಿಯ ಮೊದಲ ಸಾಲಿನಲ್ಲಿ ಕುಳಿತಿತ್ತು.

ಆ ಗ್ರಂಥಾಲಯವನ್ನೇ ಏಕೆ ಆರಿಸಿಕೊಂಡೆ ಎಂದು ಕೇಳಿದ್ದಕ್ಕೆ ಅವಳು ಕೊಟ್ಟ ಕಾರಣ ಇನ್ನೂ ಸ್ಪಷ್ಟ. ಮಾಧ್ಯಮಿಕ ಶಾಲೆಯಲ್ಲಿದ್ದಾಗಿನಿಂದ ಅಲ್ಲಿನ ಕಾದಂಬರಿಗಳನ್ನು ಒಂದೊಂದಾಗಿ ತಂದು ಓದಿ ಮುಗಿಸಿದವಳು ಅವಳು. ಅಂಥವಳಿಗೆ, ನೀನು ಓದಿ ಕಲಿಯುವವಳಲ್ಲ ಎಂದು ಒಂದು ಕಾಗದ ಹೇಳಿತ್ತು, ಅವಳು ನಂಬಿದ್ದಳು! ನನಗೆ ಇದರ ಬಗ್ಗೆ ಈಗಲೂ ಸಂಕಟವಿದೆ. ಕನ್ನಡ ಮಾಧ್ಯಮದಿಂದ ಬಂದ ಎಷ್ಟು ಮಕ್ಕಳು ಹೀಗೆ ತಮ್ಮ ಬಲವಾದ ಕಡೆಯನ್ನೇ ತಮ್ಮದಲ್ಲ ಎಂದು ಬಿಟ್ಟುಕೊಡುತ್ತಿದ್ದಾರೋ.

ಸಂಶೋಧನೆ ಹೇಳುವುದು

ಕಲಿಕಾ ಶೈಲಿಗಳ ಬಗ್ಗೆ ಸಂಶೋಧಕರು ಸುಮ್ಮನೆ ಕುಳಿತಿಲ್ಲ. ಬ್ರಿಟನ್ನಿನಲ್ಲಿ ಫ್ರಾಂಕ್ ಕಾಫೀಲ್ಡ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ವರದಿ 71 ಬಗೆಯ ಮಾದರಿಗಳನ್ನು ಪಟ್ಟಿ ಮಾಡಿತ್ತು. ಒಬ್ಬ ವಿದ್ಯಾರ್ಥಿಯನ್ನು ಇಷ್ಟೊಂದು ವಿಧದಲ್ಲಿ ವಿಂಗಡಿಸಬಹುದಾದರೆ ಯಾವ ವಿಂಗಡಣೆಯನ್ನು ನಂಬುವುದು? 2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್, ಮಾರ್ಕ್ ಮ್ಯಾಕ್‌ಡೇನಿಯಲ್, ಡಗ್ ರೋರರ್, ರಾಬರ್ಟ್ ಬ್ಯೋರ್ಕ್ ಎಂಬ ನಾಲ್ವರು ಮನಶ್ಶಾಸ್ತ್ರಜ್ಞರು ಇನ್ನೂ ನೇರವಾದ ಪ್ರಶ್ನೆ ಎತ್ತಿದರು. ನೋಡಿ ಕಲಿಯುವವರು ಎನಿಸಿಕೊಂಡವರಿಗೆ ದೃಶ್ಯಪಾಠದಿಂದಲೂ, ಕೇಳಿ ಕಲಿಯುವವರು ಎನಿಸಿಕೊಂಡವರಿಗೆ ಶ್ರವಣಪಾಠದಿಂದಲೂ ಒಂದೇ ಪರೀಕ್ಷೆಯಲ್ಲಿ ಹೆಚ್ಚು ಫಲ ಸಿಕ್ಕಿತು ಎಂದು ತೋರಿಸಬಲ್ಲ ಪ್ರಯೋಗಗಳು ಇವೆಯೇ? ಶೈಲಿಗೆ ತಕ್ಕ ಬೋಧನೆಯನ್ನು ಸಮರ್ಥಿಸುವಷ್ಟು ಸಾಕ್ಷ್ಯ ಇಲ್ಲ ಎಂದು ಅವರು ಕಂಡುಕೊಂಡರು. ಜನರಿಗೆ ಇಷ್ಟಗಳು ಇರುತ್ತವೆ ಎಂಬುದನ್ನು ಅವರು ಅಲ್ಲಗಳೆಯಲಿಲ್ಲ. ಇಷ್ಟಕ್ಕೆ ತಕ್ಕಂತೆ ಕಲಿಸಿದರೆ ಹೆಚ್ಚು ಕಲಿಯುತ್ತಾರೆ ಎಂಬುದಕ್ಕೇ ಆಧಾರ ಸಿಗಲಿಲ್ಲ.

ವಿಡಿಯೊ ನೋಡುವಾಗ ಎಲ್ಲವೂ ತಿಳಿದಂತೆ ಅನಿಸುವುದಕ್ಕೆ ಬೇರೆ ವಿವರಣೆ ಇದೆ. ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವು ವಿದ್ಯಾರ್ಥಿಗಳು ಒಂದು ಗದ್ಯಭಾಗವನ್ನು ಎರಡು ಸಲ ಓದಿದರು. ಉಳಿದವರು ಒಮ್ಮೆ ಓದಿ, ಹಾಳೆ ಮುಚ್ಚಿ, ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಅವರಿಗೆ ನೆನಪಿದ್ದದ್ದು ಶೇ 42, ಮುಚ್ಚಿ ಬರೆದವರಿಗೆ ಶೇ 56. ನಮ್ಮ ವಿದ್ಯಾರ್ಥಿನಿಗೆ ಈ ಅಂಕಿಗಳನ್ನು ತೋರಿಸಿದಾಗ ಅವಳು ಬಹಳ ಹೊತ್ತು ಆ ಹಾಳೆ ಹಿಡಿದುಕೊಂಡು ಕುಳಿತಿದ್ದಳು. ಆಮೇಲಿನಿಂದ ವಿಡಿಯೊವನ್ನು ಬಿಡಲಿಲ್ಲ, ಆದರೆ ಅದನ್ನು ಮುಗಿಸಿ, ಮುಚ್ಚಿ, ಖಾಲಿ ಕಡತದಲ್ಲಿ ನೆನಪಿನಿಂದ ಬರೆಯುವುದನ್ನು ರೂಢಿ ಮಾಡಿಕೊಂಡಳು. ಮೊದಲ ಕೆಲವು ಪ್ರಯತ್ನಗಳಲ್ಲಿ ಅಳು ಬಂತು ಎಂದು ದಿನಚರಿಯಲ್ಲಿದೆ.

ಬದಲಾಯಿಸಿದ್ದು

ನಾನು ಅವಳಿಗೆ ಬೇರೆ ಶೈಲಿ ಹುಡುಕಲು ಹೋಗಲಿಲ್ಲ. ಕಲಿಯುವ ವಸ್ತು ಯಾವುದು, ಅದನ್ನು ಹಿಡಿಯಲು ಯಾವುದು ಬೇಕು ಎಂದು ನೋಡಿದೆವು. ಪೆಟ್ಟಿಗೆಯ ಅಗಲ ಲೆಕ್ಕದ ವಿಷಯ. ಅದನ್ನು ಹಾಳೆಯ ಮೇಲೆ ಕೂಡಿ ಕಳೆದು ಕಲಿತಳು. ಬ್ರೌಸರಿನಲ್ಲೇ ಇರುವ, ಪುಟದ ಒಳರಚನೆ ಪರೀಕ್ಷಿಸುವ ಡೆವಲಪರ್ ಟೂಲ್ಸ್ ತೋರಿಸುವ ಪೆಟ್ಟಿಗೆಯ ಚಿತ್ರದೊಂದಿಗೆ ತನ್ನ ಲೆಕ್ಕ ಹೊಂದುತ್ತದೆಯೇ ಎಂದು ಪರೀಕ್ಷಿಸಿದಳು. ಪಾರಿಭಾಷಿಕ ಪದಗಳಿಗೆ ಕನ್ನಡ ವಿವರಣೆಯ ಒಂದು ಪಟ್ಟಿ ಮಾಡಿಕೊಂಡಳು. ಟ್ಯಾಗ್, ಪ್ರಾಪರ್ಟಿ, ವ್ಯಾಲ್ಯೂ ಎಂಬ ಪದಗಳನ್ನು ಹಾಗೆಯೇ ಇಟ್ಟು, ಎದುರಿಗೆ ತನ್ನ ಮಾತಿನಲ್ಲಿ ಅರ್ಥ. ವೆಬ್ ಭಾಷೆಗಳನ್ನು ವಿವರಿಸುವ ದಸ್ತಾವೇಜುಗಳ ಇಂಗ್ಲಿಷ್ ನಿಜಕ್ಕೂ ಕಷ್ಟವಲ್ಲ. ಅಲ್ಲಿ ಬರುವ ವಾಕ್ಯಗಳ ಮಾದರಿಗಳು ಕೆಲವೇ, ಪದೇ ಪದೇ ಬರುತ್ತವೆ. ಗೆಳತಿಯೊಬ್ಬಳು ಗಟ್ಟಿಯಾಗಿ ಓದುವುದು, ಇವಳು ಅದನ್ನು ಕನ್ನಡದಲ್ಲಿ ಹೇಳಿ ಟೈಪ್ ಮಾಡುವುದು, ನಂತರ ಅದಲುಬದಲು. ಎರಡು ತಿಂಗಳಾಗುವಷ್ಟರಲ್ಲಿ ಒಬ್ಬಳೇ ಓದತೊಡಗಿದಳು.

ಆದರೆ ನಾನು ಹೆಚ್ಚು ಹೇಳಬೇಕಿರುವುದು ಕಿವಿಯ ಬಗ್ಗೆ.

ಗ್ರಂಥಾಲಯಕ್ಕೆ ಬರುವವರಲ್ಲಿ ದೃಷ್ಟಿ ಮಂದವಾದ ನಿವೃತ್ತ ಶಿಕ್ಷಕರೊಬ್ಬರು ಇದ್ದರು. ಪತ್ರಿಕೆಯನ್ನು ಯಾರಾದರೂ ಓದಿ ಹೇಳಿದರೆ ಕೇಳುತ್ತಾ ಕೂರುತ್ತಿದ್ದರು. ಅವರೂ ಈ ಜಾಲತಾಣ ಬಳಸಬಹುದೇ ಎಂದು ನಾನು ಕೇಳಿದೆ. ಪುಟ ಆ ವೇಳೆಗೆ ಕಣ್ಣಿಗೆ ತುಂಬ ಚೆನ್ನಾಗಿತ್ತು. ಲ್ಯಾಬಿನ ಕಂಪ್ಯೂಟರಿನಲ್ಲಿ ಎನ್‌ವಿಡಿಎ ಎಂಬ ಉಚಿತ ಪರದೆ ಓದುಗ ತಂತ್ರಾಂಶ ಹಾಕಿ, ಕನ್ನಡ ಓದಬಲ್ಲ ಇಸ್ಪೀಕ್ ಧ್ವನಿಯನ್ನು ಆಯ್ದುಕೊಂಡು, ಮಾನಿಟರ್ ಆಫ್ ಮಾಡಿಬಿಟ್ಟೆವು. ಈಗ ಪುಸ್ತಕಗಳ ಪಟ್ಟಿ ಎಲ್ಲಿದೆ ಹುಡುಕು ಎಂದೆ.

ಆ ತಂತ್ರಾಂಶದಲ್ಲಿ ಎಚ್ ಕೀಲಿ ಒತ್ತಿದರೆ ಮುಂದಿನ ಶೀರ್ಷಿಕೆಗೆ ಹೋಗುತ್ತದೆ. ಅವಳು ಒತ್ತಿದಳು. ಮುಂದೆ ಶೀರ್ಷಿಕೆ ಇಲ್ಲ ಎಂದು ಉತ್ತರ ಬಂತು. ಪುಟದಲ್ಲಿ ದಪ್ಪ ಅಕ್ಷರದ ಶೀರ್ಷಿಕೆಗಳು ಸಾಲಾಗಿ ಇದ್ದವು. ಆದರೆ ಅವಳು ಅವನ್ನೆಲ್ಲ ಬ್ರೌಸರಿಗೆ ಬರೀ ಪೆಟ್ಟಿಗೆ ಎಂದಷ್ಟೇ ತಿಳಿಸುವ ಡಿವ್ ಟ್ಯಾಗಿನಲ್ಲಿಟ್ಟು ಅಕ್ಷರ ದೊಡ್ಡದು ಮಾಡಿದ್ದಳಷ್ಟೆ. ಕಣ್ಣಿಗೆ ಅದು ಶೀರ್ಷಿಕೆ, ಯಂತ್ರಕ್ಕೆ ಅಲ್ಲ. ಕೆ ಕೀಲಿ ಒತ್ತಿ ಲಿಂಕಿನಿಂದ ಲಿಂಕಿಗೆ ಹೋದರೆ ‘ಇಲ್ಲಿ ಕ್ಲಿಕ್ ಮಾಡಿ’ ಎಂಬುದೇ ಮತ್ತೆ ಮತ್ತೆ ಕೇಳಿತು. ಎಲ್ಲಿ? ಯಾವುದಕ್ಕೆ? ಚಿತ್ರಗಳ ಬಳಿ ಕಡತದ ಅರ್ಥವಿಲ್ಲದ ಹೆಸರು ಓದಿತು. ಫ್ಲೆಕ್ಸ್‌ಬಾಕ್ಸಿನ ಆರ್ಡರ್ ಗುಣ ಬಳಸಿ ಅವಳು ಪರದೆಯ ಮೇಲೆ ಮೊದಲಿಗೆ ತಂದಿದ್ದ ವೇಳಾಪಟ್ಟಿ, ಓದುವಾಗ ಕೊನೆಗೆ ಬಂತು, ಏಕೆಂದರೆ ಪರದೆ ಓದುಗ ಸಾಮಾನ್ಯವಾಗಿ ಪುಟದ ರಚನೆ ಹೇಳುವ ಭಾಷೆಯಾದ ಎಚ್‌ಟಿಎಂಎಲ್ ಬರೆದ ಕ್ರಮದಲ್ಲೇ ಓದುತ್ತದೆ. ಇದೆಲ್ಲಕ್ಕಿಂತ ಮೊದಲು, ಎಡಿಟರ್ ತಾನಾಗಿ ತುಂಬಿಸಿದ ಮಾದರಿಯಲ್ಲಿ ಪುಟದ ಭಾಷೆ ಇಂಗ್ಲಿಷ್ ಎಂದಿತ್ತು. ಆ ಒಂದು ಗುಣವನ್ನು ಕನ್ನಡ ಎಂದು ಬದಲಿಸುವವರೆಗೂ ಓದು ಕನ್ನಡದಂತೆ ಕೇಳಲೇ ಇಲ್ಲ.

ಅರ್ಥಪೂರ್ಣ ಟ್ಯಾಗುಗಳ ಬಗ್ಗೆ ನಾನು ತರಗತಿಯಲ್ಲಿ ಪಾಠ ಮಾಡಿದ್ದೆ. ಅವಳು ನೋಡಿದ್ದ ವಿಡಿಯೊಗಳಲ್ಲೂ ಅದು ಇತ್ತು. ಕಣ್ಣಿಗೆ ಯಾವ ವ್ಯತ್ಯಾಸವೂ ಕಾಣದ ನಿಯಮವನ್ನು ಅವಳು ಯಾಕೆ ಗಂಭೀರವಾಗಿ ತೆಗೆದುಕೊಳ್ಳಬೇಕಿತ್ತು? ಕತ್ತಲೆಯ ಪರದೆಯ ಮುಂದೆ ಕುಳಿತು ತನ್ನದೇ ಪುಟದಲ್ಲಿ ದಾರಿ ತಪ್ಪಿದಾಗ ಅದು ಒಂದೇ ಸಲಕ್ಕೆ ತಿಳಿಯಿತು. ಆ ರಾತ್ರಿಯೇ ಎಲ್ಲ ಶೀರ್ಷಿಕೆಗಳನ್ನೂ ಶೀರ್ಷಿಕೆಗೆಂದೇ ಇರುವ ಎಚ್1, ಎಚ್2 ಟ್ಯಾಗುಗಳಿಗೆ ಬದಲಿಸಿ, ಲಿಂಕುಗಳಿಗೆ ಅರ್ಥವಾಗುವ ಹೆಸರು ಕೊಟ್ಟು, ವೇಳಾಪಟ್ಟಿಯನ್ನು ಎಚ್‌ಟಿಎಂಎಲ್‌ನಲ್ಲೇ ಮೇಲಕ್ಕೆ ತಂದಳು. ತಾನು ನೋಡಿ ಕಲಿಯುವವಳು ಎಂದು ಬರೆದಿದ್ದವಳು ವೆಬ್ ವಿನ್ಯಾಸದ ಅತಿ ಮುಖ್ಯ ಪಾಠವನ್ನು ಕೇಳಿ ಕಲಿತಳು. ಆ ಪಾಠ ಯಾರಿಗೇ ಆದರೂ ಕಿವಿಯಿಂದ ಬಂದರೇನೇ ನಾಟುತ್ತದೆ ಎಂದು ನಾನು ಈಗ ದೃಢವಾಗಿ ನಂಬಿದ್ದೇನೆ.

ಕಣ್ಣು ಬೇಕಾದಲ್ಲಿ ಕಣ್ಣೇ ಬೇಕು. ಅವಳ ಬಟನ್‌ಗಳಲ್ಲಿ ‘ರಾಷ್ಟ್ರೀಯ’, ‘ಶಾಸ್ತ್ರ’ ಎಂಬ ಪದಗಳ ಒತ್ತಕ್ಷರಗಳು ಕೆಳಗೆ ಕತ್ತರಿಸಿ ಹೋಗುತ್ತಿದ್ದವು. ಇಂಗ್ಲಿಷ್ ವಿಡಿಯೊದಿಂದ ತಂದ, ಅಕ್ಷರದ ಗಾತ್ರದ 1.2 ಪಟ್ಟು ಎಂಬ ಸಾಲಿನ ಎತ್ತರವೂ, ಪೆಟ್ಟಿಗೆಯ ಹೊರಗೆ ಹೋದದ್ದನ್ನು ಮರೆಮಾಡುವ ಆಜ್ಞೆಯೂ ಸೇರಿ ಆದ ಕೆಲಸ ಅದು. ಒತ್ತಿನ ಮೇಲೆ ಒತ್ತು ಬರುವ ಲಿಪಿಗೆ ಅಷ್ಟು ಜಾಗ ಸಾಲದು. ಕನ್ನಡ ದಿನಪತ್ರಿಕೆಯ ಪುಟ ತಂದು, ಸ್ಕೇಲಿನಿಂದ ಅಕ್ಷರದ ಎತ್ತರವನ್ನೂ ಸಾಲುಗಳ ನಡುವಿನ ಅಂತರವನ್ನೂ ಅಳೆದು, ತನ್ನ ಪುಟಕ್ಕೆ 1.7 ಎಂದು ತಾನೇ ನಿಶ್ಚಯಿಸಿದಳು. ಬಣ್ಣದ ವಿಷಯದಲ್ಲಿ ಮಾತ್ರ ಕಣ್ಣನ್ನು ಪೂರ್ತಿ ನಂಬುವ ಹಾಗಿರಲಿಲ್ಲ. ಬಿಳಿಯ ಮೇಲೆ ಅವಳು ಬಳಸಿದ ತಿಳಿ ಬೂದು ಅಕ್ಷರ ಅವಳ ಪರದೆಯಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು. ಅಳೆದರೆ ಅಕ್ಷರಕ್ಕೂ ಹಿನ್ನೆಲೆಗೂ ಇರುವ ಹೊಳಪಿನ ವ್ಯತ್ಯಾಸದ ಪ್ರಮಾಣ 3:1ಕ್ಕಿಂತ ಕಡಿಮೆ. ವೆಬ್ ಸುಲಭಲಭ್ಯತೆಯ ಮಾರ್ಗಸೂಚಿ ಸಾಮಾನ್ಯ ಗಾತ್ರದ ಪಠ್ಯಕ್ಕೆ ಕನಿಷ್ಠ 4.5:1 ಕೇಳುತ್ತದೆ.

ಈ ಪ್ರಕರಣದ ಮಿತಿ

ಇದು ಒಬ್ಬಳ ಕಥೆ. ಅವಳ ಕಲಿಕೆ ಸುಧಾರಿಸಿದ್ದು ಕನ್ನಡದ ವಿವರಣೆಯಿಂದಲೋ, ನೆನಪಿನಿಂದ ಬರೆಯುವ ಅಭ್ಯಾಸದಿಂದಲೋ, ಗೆಳತಿಯಿಂದಲೋ, ತನ್ನೂರಿನ ಗ್ರಂಥಾಲಯದ ಮೇಲಿನ ಪ್ರೀತಿಯಿಂದಲೋ ಎಂದು ಬೇರ್ಪಡಿಸಿ ಹೇಳಲು ಬರುವುದಿಲ್ಲ. ಎಲ್ಲವೂ ಒಂದೇ ಸೆಮಿಸ್ಟರಿನಲ್ಲಿ ನಡೆದವು. ಆದರೆ ಹಣೆಪಟ್ಟಿ ಏನನ್ನು ಮುಚ್ಚಿಟ್ಟಿತ್ತು ಎಂಬುದು ಸ್ಪಷ್ಟ. ಆದ್ದರಿಂದ ಹೊಸ ತಂಡದ ದಿನಚರಿಯ ಮೊದಲ ಪುಟದಲ್ಲಿ ನಾನು ಕಲಿಕಾ ಶೈಲಿ ಕೇಳುವುದಿಲ್ಲ. ಯಾವ ಭಾಷೆಯಲ್ಲಿ ಓದಿ ಬಂದಿರಿ, ಪಾಠದ ಯಾವ ಜಾಗದಲ್ಲಿ ನಿಂತುಹೋದಿರಿ, ವಿಡಿಯೊ ಮುಚ್ಚಿ ಎಷ್ಟು ಬರೆಯಬಲ್ಲಿರಿ ಎಂದು ಕೇಳುತ್ತೇನೆ. ಮಾನಿಟರ್ ಆಫ್ ಮಾಡಿ ಪುಟ ಬಳಸುವ ಅಭ್ಯಾಸ ಈಗ ಎಲ್ಲರಿಗೂ ಕಡ್ಡಾಯ.

ಅವಳ ದಿನಚರಿಯ ಕೊನೆಯ ಭಾಗ ಹುಡುಕುವ ಸೌಲಭ್ಯದ ಬಗ್ಗೆ. ಗ್ರಂಥಪಾಲಕರ ಪುಸ್ತಕಪಟ್ಟಿ ಹಳೆಯ ನುಡಿ ಫಾಂಟಿನಲ್ಲಿತ್ತು. ಅದನ್ನು ಎಲ್ಲ ಗಣಕಗಳಿಗೂ ಸಾಮಾನ್ಯವಾದ ಅಕ್ಷರಸಂಕೇತ ಯೂನಿಕೋಡಿಗೆ ಪರಿವರ್ತಿಸಿ, ಜಾವಾಸ್ಕ್ರಿಪ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಹುಡುಕಾಟ ಬರೆದಳು. ‘ಕೊ’, ‘ಗೊ’ ಇರುವ ಹೆಸರುಗಳು ಸಿಗುತ್ತಲೇ ಇರಲಿಲ್ಲ, ಪರದೆಯ ಮೇಲೆ ಟೈಪ್ ಮಾಡಿದ ಪದವೂ ಪಟ್ಟಿಯ ಪದವೂ ಅಕ್ಷರಶಃ ಒಂದೇ ಆಗಿ ಕಾಣುತ್ತಿದ್ದರೂ. ಅವಳು ಎರಡೂ ಪದಗಳ ಸಂಕೇತಸಂಖ್ಯೆಗಳನ್ನು ಒಂದೊಂದಾಗಿ ಮುದ್ರಿಸಿ ನೋಡಿದಳು. ಕೀಲಿಮಣೆಯಿಂದ ಬಂದ ಒಕಾರ ಒಂದೇ ಚಿಹ್ನೆಯಾಗಿತ್ತು. ಪರಿವರ್ತನೆಯಿಂದ ಬಂದದ್ದು ಎಕಾರ ಮತ್ತು ಊಕಾರದ ಎರಡು ಚಿಹ್ನೆಗಳ ಜೋಡಣೆಯಾಗಿತ್ತು. ಯೂನಿಕೋಡ್ ಇವೆರಡನ್ನೂ ಸಮಾನ ಎಂದು ಒಪ್ಪುತ್ತದೆ, ಆದರೆ ಹೋಲಿಸುವ ಮೊದಲು ಅವನ್ನು ಒಂದೇ ರೂಪಕ್ಕೆ ತರಬೇಕು. ಜಾವಾಸ್ಕ್ರಿಪ್ಟಿನ ನಾರ್ಮಲೈಜ್ ಎಂಬ ವಿಧಾನ ಆ ಕೆಲಸ ಮಾಡುತ್ತದೆ. ಆ ಉತ್ತರವನ್ನು ಅವಳು ಇಂಗ್ಲಿಷ್ ದಸ್ತಾವೇಜಿನಲ್ಲಿ, ಯಾರ ಸಹಾಯವೂ ಇಲ್ಲದೆ, ಓದಿ ಹುಡುಕಿದ್ದಳು. ನಂತರ ಅದನ್ನು ಕನ್ನಡದಲ್ಲಿ ಎರಡು ಪುಟ ಬರೆದು ಕಿರಿಯ ತರಗತಿಯವರಿಗೆ ಕೊಟ್ಟಿದ್ದಾಳೆ. ಈಗ ಸಣ್ಣ ಮೊಬೈಲಿನಲ್ಲಿ ಪುಸ್ತಕಪಟ್ಟಿಯನ್ನು ಕೋಷ್ಟಕವಾಗಿಯೇ ಉಳಿಸುವುದೋ, ಒಂದರ ಕೆಳಗೊಂದು ಚೀಟಿಗಳಂತೆ ಜೋಡಿಸುವುದೋ ಎಂಬ ವಿಷಯದಲ್ಲಿ ಗ್ರಂಥಪಾಲಕರಿಗೂ ಅವಳಿಗೂ ಚರ್ಚೆ ನಡೆದಿದೆ. ಗ್ರಂಥಪಾಲಕರು ಕೋಷ್ಟಕವೇ ಬೇಕು ಎನ್ನುತ್ತಿದ್ದಾರೆ.